ಕೆಲಸದ ಜಾಗದಲ್ಲಿ ಅಪಘಾತವಾದರೆ: ಕಲಬುರಗಿ, ಬೀದರ್, ಯಾದಗಿರಿಯ ದುಡಿಯುವ ಮಂದಿಗೆ ಪರಿಹಾರದ ಸಮಗ್ರ ಮಾರ್ಗದರ್ಶಿ

2013ರ ತೊಗರಿ ಸುಗ್ಗಿಯಲ್ಲಿ ನಮ್ಮ ಮಾಮಾನ ಬಲಗೈಯ ಮೂರು ಬೆರಳು ಒಂದು ದಾಲ್ ಮಿಲ್ಲಿನ ಪಟ್ಟಾಕ್ಕೆ ಸಿಕ್ಕಿ ಹೋದವು. ಸಾವ್ಕಾರ ದವಾಖಾನೆ ಖರ್ಚು ನೋಡಿಕೊಂಡ. ಮೇಲೆ 25,000 ರೂಪಾಯಿ ಕೊಟ್ಟು, "ಮುಂದ ನಿನಗ ವಾಚ್‌ಮನ್ ಕೆಲಸ ಕೊಡ್ತೀನಿ, ಈ ಬಾಂಡ್ ಪೇಪರ್ ಮ್ಯಾಲ ಒಂದು ಹೆಬ್ಬೆಟ್ಟು ಒತ್ತು" ಅಂದ. ಮಾಮಾ ಒತ್ತಿದ. ಮನೆಯಲ್ಲಿ ಎಲ್ಲರಿಗೂ ಸಾವ್ಕಾರ ದೊಡ್ಡ ಮನುಷ್ಯ ಅನ್ನಿಸಿತು. ಆಗ ಮಾಮಾನಿಗೆ 40 ವರ್ಷ, ತಿಂಗಳಿಗೆ 8,000 ರೂಪಾಯಿ ದುಡಿಯುತ್ತಿದ್ದ. ಕಾನೂನಿನ ಲೆಕ್ಕದಲ್ಲಿ ಅವನಿಗೆ ಬರಬೇಕಿದ್ದದ್ದು 2,65,204 ರೂಪಾಯಿ. ಈ ಲೆಕ್ಕ ನಮಗೆ ಗೊತ್ತಾಗುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು.

ಶಹಾಬಾದ್, ಚಿತ್ತಾಪುರದ ಫರ್ಸಿ ಖಣಿಗಳಲ್ಲಿ, ಸೇಡಂ, ವಾಡಿ ಸುತ್ತಿನ ಸಿಮೆಂಟ್ ಕಾರ್ಖಾನೆಗಳಲ್ಲಿ, ಹುಮನಾಬಾದ್ ಮತ್ತು ಕಡೇಚೂರಿನ ಕೈಗಾರಿಕಾ ಪ್ರದೇಶಗಳಲ್ಲಿ, ಕಬ್ಬು ಕಡಿಯುವ ಟೋಳಿಗಳಲ್ಲಿ ದುಡಿಯುವವರ ಮನೆಯಲ್ಲಿ ಈ ಬರಹ ಒಬ್ಬರಾದರೂ ಓದಿರಬೇಕು ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಪರಿಹಾರದ ಕೇಸು ಗೆಲ್ಲುವುದೂ ಸೋಲುವುದೂ ಬಹುಪಾಲು ಮೊದಲ ಎರಡು ದಿನದ ಕಾಗದದಲ್ಲಿ. ಹಾಗಾಗಿ ಆ ಎರಡು ದಿನದ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಮೊದಲು ಯಾವ ಕಾನೂನು ಎಂಬುದು

ಬಹಳ ಕಾಲ ಇದಕ್ಕೆ ಆಧಾರವಾಗಿದ್ದದ್ದು 1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂದು, ಅದರ 7ನೇ ಅಧ್ಯಾಯ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದೆ. ಅದಕ್ಕಿಂತ ಮೊದಲು ನಡೆದ ಅಪಘಾತಕ್ಕೆ ಹಳೆಯ ಕಾಯ್ದೆ. ಲೆಕ್ಕದ ಸೂತ್ರ, ಗುತ್ತಿಗೆದಾರನ ಹಿಂದಿರುವ ದೊಡ್ಡ ಮಾಲೀಕನ ಹೊಣೆ ಇವೆಲ್ಲ ಹೊಸದರಲ್ಲೂ ಉಳಿದಿವೆ. ಇಲ್ಲಿ ನಾನು ಹೇಳುವ ಕಲಂ ನಂಬರುಗಳು 1923ರ ಕಾಯ್ದೆಯವು.

ಈ ಕಾನೂನಿನ ದೊಡ್ಡ ಗುಣವೆಂದರೆ ತಪ್ಪು ಯಾರದು ಎಂದು ಅದು ಕೇಳುವುದಿಲ್ಲ. ಕೆಲಸ ಮಾಡುವಾಗ, ಕೆಲಸದ ಕಾರಣಕ್ಕೆ ಪೆಟ್ಟಾಯಿತೇ? ಆಗಿದ್ದರೆ ಮಾಲೀಕ ಕೊಡಬೇಕು. "ಅವನೇ ಕುಡಿದಿದ್ದ, ಹೆಲ್ಮೆಟ್ ಹಾಕಿರಲಿಲ್ಲ, ಗಾರ್ಡ್ ತೆಗೆದಿದ್ದ" ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಕುಡಿತ, ಬೇಕೆಂತಲೇ ಆಜ್ಞೆ ಮೀರಿದ್ದು, ಬೇಕೆಂತಲೇ ಸುರಕ್ಷತಾ ಸಾಧನ ತೆಗೆದದ್ದು ಮಾಲೀಕನಿಗೆ ರಕ್ಷಣೆ ಕೊಡುತ್ತವೆ, ಖರೆ. ಆದರೆ ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆ ಆದಾಗ ಈ ನೆಪ ಯಾವುದೂ ನಡೆಯುವುದಿಲ್ಲ. ಹೆಣದ ಮುಂದೆ ನಿಂತು "ತಪ್ಪು ನಿಮ್ಮವನದೇ" ಎಂದು ಹೆದರಿಸುವವರಿಗೆ ಈ ಒಂದು ಮಾತು ಸಾಕು.

ಹೊಲದ ಕೂಲಿಯವರು ತಮಗೆ ಇದು ಅನ್ವಯಿಸುವುದಿಲ್ಲ ಎಂದುಕೊಂಡಿರುತ್ತಾರೆ. ಟ್ರ್ಯಾಕ್ಟರ್ ಅಥವಾ ಯಂತ್ರದಿಂದ ನಡೆಯುವ ಬೇಸಾಯದ ಕೆಲಸ ಕಾಯ್ದೆಯ ಪಟ್ಟಿಯಲ್ಲಿದೆ. ತೊಗರಿ ರಾಶಿ ಮಷಿನ್‌ಗೆ ಕೈ ಕೊಟ್ಟವರು, ಬಾವಿ ತೋಡುವಾಗ, ಬೋರ್ ಕೊರೆಯುವಾಗ ಪೆಟ್ಟು ತಿಂದವರು ಇದರ ಒಳಗೇ ಬರುತ್ತಾರೆ.

ಹಂತ 1: ಮೊದಲ 48 ತಾಸು

ಮೊದಲು ಜೀವ. ಅದರಲ್ಲಿ ಎರಡು ಮಾತಿಲ್ಲ. ಆದರೆ ದವಾಖಾನೆಗೆ ಹೋದ ಕೂಡಲೇ ಬಾಗಿಲಲ್ಲಿ ಒಂದು ಪ್ರಶ್ನೆ ಬರುತ್ತದೆ: "ಹೆಂಗ ಆಯ್ತು?" ಜೊತೆಗೆ ಬಂದ ಮೇಸ್ತ್ರಿ "ಮನಿ ಮಾಳಗಿ ಮ್ಯಾಲಿಂದ ಬಿದ್ದಾನ್ರಿ" ಎಂದುಬಿಡುತ್ತಾನೆ. ಪೊಲೀಸ್ ತಂಟೆ ಬೇಡ ಎಂಬ ನೆಪ. ಆ ಒಂದು ಸಾಲು ಕೇಸ್ ಶೀಟಿನಲ್ಲಿ ಕೂತರೆ ಎರಡು ವರ್ಷದ ಮೇಲೆ ವಿಮೆ ಕಂಪನಿಯ ವಕೀಲರು ಅದನ್ನೇ ಎತ್ತಿ ಓದುತ್ತಾರೆ. ಆದ್ದರಿಂದ ಮನೆಯವರೇ ಹೇಳಿ: ಯಾವ ಜಾಗದಲ್ಲಿ, ಯಾರ ಕೆಲಸ ಮಾಡುವಾಗ, ಯಾವ ಯಂತ್ರದಿಂದ, ಎಷ್ಟು ಹೊತ್ತಿಗೆ. ಬರೆದದ್ದನ್ನು ಓದಿಸಿ ಕೇಳಿ. ಎಂ.ಎಲ್.ಸಿ., ಅಂದರೆ ದವಾಖಾನೆಯವರು ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ, ಆಗಿದೆಯೇ ಎಂದು ಕೇಳಿ, ಅದರ ನಂಬರ್ ಬರೆದುಕೊಳ್ಳಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಪೆಟ್ಟು ದೊಡ್ಡದಾದರೆ ಬೀದರಿನವರು ಹೈದರಾಬಾದಿಗೆ, ಆಳಂದ, ಅಫಜಲಪುರದವರು ಸೊಲ್ಲಾಪುರಕ್ಕೆ ಓಡುತ್ತೇವೆ. ಅಲ್ಲಿನ ಎಂ.ಎಲ್.ಸಿ. ಮಾಹಿತಿ ಅಲ್ಲಿನ ಠಾಣೆಗೆ ಹೋಗುತ್ತದೆ, ನಮ್ಮ ಠಾಣೆಗೆ ಬರುವಾಗ ದಿನಗಳು, ಕೆಲವೊಮ್ಮೆ ವಾರಗಳು. ಹಾದಿಯಲ್ಲಿ ಸರ್ಕಾರಿ ದವಾಖಾನೆ ಇದ್ದು ರೋಗಿಯ ಸ್ಥಿತಿ ತಡೆದರೆ ಅಲ್ಲೊಮ್ಮೆ ತೋರಿಸಿ, ಎಂ.ಎಲ್.ಸಿ. ಮಾಡಿಸಿ ಮುಂದೆ ಹೋಗಿ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ. ತಡೆಯದಿದ್ದರೆ ನೇರ ಹೋಗಿ. ಮನೆಯ ಇನ್ನೊಬ್ಬರು ಅದೇ ದಿನ ಅಪಘಾತ ನಡೆದ ಜಾಗದ ಠಾಣೆಗೆ ಹೋಗಿ ಲಿಖಿತ ದೂರು ಕೊಡಲಿ.

ಠಾಣೆಯಲ್ಲಿ ಸಾವಿನ ಪ್ರಕರಣವನ್ನು ಬರೀ ಯು.ಡಿ.ಆರ್., ಅಂದರೆ ಅಸಹಜ ಸಾವು ಎಂದು ಬರೆದು ಮುಗಿಸುವುದುಂಟು. ನಿರ್ಲಕ್ಷ್ಯ ಕಂಡರೆ ಎಫ್.ಐ.ಆರ್. ಆಗಬೇಕೆಂದು ದೂರಿನಲ್ಲೇ ಬರೆಯಿರಿ. ಆಗಲೂ ಯು.ಡಿ.ಆರ್. ಮಾತ್ರ ಆದರೆ ಎದೆಗುಂದಬೇಡಿ. ಪರಿಹಾರದ ಕೇಸಿಗೆ ಎಫ್.ಐ.ಆರ್. ಕಡ್ಡಾಯವಲ್ಲ, ಅದು ಕೆಲಸದ ಜಾಗದಲ್ಲೇ ಸತ್ತದ್ದು ಎಂದು ತೋರಿಸುವ ಸ್ಥಳ ಪಂಚನಾಮೆ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಇದ್ದರೂ ನಡೆಯುತ್ತದೆ. ಮರಣೋತ್ತರ ಪರೀಕ್ಷೆ ಬೇಡವೆಂದು ಹೆಣ ಊರಿಗೆ ಒಯ್ದರೆ ಮಾತ್ರ ಆಮೇಲೆ ಬಹಳ ಕಷ್ಟ. ಆ ಹೊತ್ತಿನ ಸಂಕಟ ನನಗೆ ಗೊತ್ತು, ಆದರೂ ಕೈಮುಗಿದು ಹೇಳುತ್ತೇನೆ, ಅದನ್ನು ಬಿಡಬೇಡಿ.

ಜೊತೆಗೆ ಕೆಲಸ ಮಾಡುತ್ತಿದ್ದವರು ಯಾರು ಎಂದು ಆ ದಿನವೇ ಬರೆದಿಡಿ. ವಾರ ಕಳೆದ ಮೇಲೆ ಅವರು ಬೇರೆ ಊರಿಗೆ ದುಡಿಯಲು ಹೋಗಿರುತ್ತಾರೆ, ಇಲ್ಲವೇ ಬಾಯಿ ಕಟ್ಟಿರುತ್ತದೆ. ಯಂತ್ರದ ಫೋಟೊ, ಜಾಗದ ಫೋಟೊ ತೆಗೆದಿಡಿ. ಮರುದಿನವೇ ಗಾರ್ಡ್ ಕೂರಿಸಿ ಬಣ್ಣ ಬಳಿದುಬಿಡುತ್ತಾರೆ.

ಹಂತ 2: ಹೆಬ್ಬೆಟ್ಟು ಒತ್ತುವ ಮೊದಲು

ಬಾಂಡ್ ಪೇಪರ್ ಬರುವುದು ಸಾಮಾನ್ಯವಾಗಿ ಮೂರನೇ ದಿನ ಅಥವಾ ದಿನಕರ್ಮದ ಮಾರನೇ ದಿನ. ಕಲಂ 17ರ ಪ್ರಕಾರ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ, ಕಡಿಮೆ ಮಾಡುವ ಯಾವ ಒಪ್ಪಂದಕ್ಕೂ ಬೆಲೆಯಿಲ್ಲ. ಸಾವಿನ ಪರಿಹಾರವನ್ನು ಮಾಲೀಕ ಮನೆಗೆ ಬಂದು ಕೈಗೆ ಕೊಟ್ಟರೂ ಅದು ಕೊಟ್ಟಂತಲ್ಲ. ಕಲಂ 8ರಂತೆ ಆಯುಕ್ತರ, ಅಂದರೆ ಈ ಪರಿಹಾರದ ಕೇಸುಗಳನ್ನು ತೀರ್ಮಾನಿಸುವ ಅಧಿಕಾರಿಯ, ಬಳಿ ಠೇವಣಿ ಇಡಬೇಕು. ಅವಲಂಬಿತರಿಗೆ ಮೂರು ತಿಂಗಳ ಪಗಾರದವರೆಗೆ ಮುಂಗಡ ಮಾತ್ರ ಕೊಡಬಹುದು.

ಹಾಗಿದ್ದರೆ ಮಾಮಾ ಯಾಕೆ ಸೋತ? ಆ ಕಾಗದ ಕಾನೂನಿನ ಮುಂದೆ ನಿಲ್ಲದಿದ್ದರೂ ಮಾಮಾನ ಮನಸ್ಸಿನ ಮುಂದೆ ನಿಂತಿತು. "ನಾನೇ ಒತ್ತೀನಿ, ಈಗ ಹೆಂಗ ಕೇಳ್ಲಿ?" ಅಂತ ಸುಮ್ಮನೆ ಕೂತ. ಆ ವಾಚ್‌ಮನ್ ಕೆಲಸವೂ ಎಂಟು ತಿಂಗಳಿಗೆ ಹೋಯಿತು. ಸಹಿ ಮಾಡಿಬಿಟ್ಟವರಿಗೆ ಹೇಳುವುದಿಷ್ಟೆ: ಈಗಲೂ ಕೇಳಬಹುದು. ದವಾಖಾನೆ ಖರ್ಚಿಗೆಂದು ಮಾಲೀಕ ಹಣ ಕೊಟ್ಟರೆ ತೆಗೆದುಕೊಳ್ಳಿ, ರಸೀದಿಯಲ್ಲಿ "ಚಿಕಿತ್ಸೆ ಖರ್ಚಿಗೆ ಪಡೆದದ್ದು" ಎಂದಷ್ಟೇ ಬರೆಯಿರಿ. ಚಿಕಿತ್ಸೆಯ ನಿಜ ಖರ್ಚು ಕೊಡುವುದು ಪರಿಹಾರಕ್ಕಿಂತ ಬೇರೆಯಾದ ಹೊಣೆ, ಪರಿಹಾರದಲ್ಲಿ ಈ ಖರ್ಚನ್ನು ಮುರಿದುಕೊಳ್ಳುವಂತಿಲ್ಲ. ಬಿಲ್ಲುಗಳ ಅಸಲು ಇಟ್ಟುಕೊಂಡು ಫೋಟೊನೂ ತೆಗೆಯಿರಿ. ಮೆಡಿಕಲ್ ಅಂಗಡಿ ಚೀಟಿಯ ಅಕ್ಷರ ಆರು ತಿಂಗಳಲ್ಲಿ ಮಾಸಿಹೋಗುತ್ತದೆ.

ಹಂತ 3: ಇ.ಎಸ್.ಐ. ಇದೆಯೋ ಇಲ್ಲವೋ ನೋಡಿ

10 ಅಥವಾ ಹೆಚ್ಚು ಜನ ಇರುವ ಕಾರ್ಖಾನೆ, ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ಪಗಾರದವರು ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬರುತ್ತಾರೆ. ಹಾಗಿದ್ದಲ್ಲಿ ದಾರಿ ಬೇರೆ: ಮಾಲೀಕನ ಮೇಲೆ ಪರಿಹಾರದ ಕೇಸು ಹಾಕಲು ಬರುವುದಿಲ್ಲ, ಬದಲಿಗೆ ಇ.ಎಸ್.ಐ. ಕೊಡುತ್ತದೆ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಪಗಾರದ ಶೇ. 90ರಷ್ಟು, ಶಾಶ್ವತ ಊನಕ್ಕೆ ಜೀವಮಾನವಿಡೀ ಮಾಸಿಕ ಹಣ, ಸಾವಾದರೆ ಅವಲಂಬಿತರಿಗೆ ಪಿಂಚಣಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಇದು ಸಿಗುತ್ತದೆ. ಮಾಲೀಕ ಅಪಘಾತ ವರದಿ ಕಳಿಸಿದ್ದಾನೆಯೇ ಎಂಬುದನ್ನು ನೀವೇ ವಿಚಾರಿಸಿ. ಕಲಬುರಗಿಯಲ್ಲಿ ಇ.ಎಸ್.ಐ.ಯದೇ ವೈದ್ಯಕೀಯ ಕಾಲೇಜು, ಆಸ್ಪತ್ರೆ ಇದೆ.

ಗುತ್ತಿಗೆ ಕೆಲಸದವರಲ್ಲಿ ಬಹಳ ಮಂದಿಗೆ ತಮ್ಮ ಇ.ಎಸ್.ಐ. ನಂಬರೇ ಗೊತ್ತಿರುವುದಿಲ್ಲ. ಪಗಾರ ಚೀಟಿಯಲ್ಲಿ ಕಡಿತ ಇದೆಯೇ ನೋಡಿ.

ಹಂತ 4: ಕೇಸು ಯಾರ ಮೇಲೆ?

"ನಮ್ಮ ಕಂಪನಿಯವನಲ್ಲ, ಗುತ್ತಿಗೆದಾರನ ಮನುಷ್ಯ." ಸಿಮೆಂಟ್ ಸೀಮೆಯಲ್ಲಿ ಈ ವಾಕ್ಯ ಕೇಳದ ಮನೆಯಿಲ್ಲ. ಗುತ್ತಿಗೆದಾರನ ಕೆಳಗೆ ಉಪಗುತ್ತಿಗೆದಾರ, ಅವನ ಕೆಳಗೆ ಮುಕಾದಮ್. ಕೊನೆಯವನ ಹೆಸರಿನಲ್ಲಿ ಒಂದು ಹಳೆಯ ಬೈಕು ಬಿಟ್ಟರೆ ಏನೂ ಇರುವುದಿಲ್ಲ. ಕಲಂ 12 ಇರುವುದೇ ಇದಕ್ಕೆ. ಆ ಕೆಲಸ ಮೂಲ ಮಾಲೀಕನ ಧಂದೆಯ ಮಾಮೂಲಿ ಭಾಗವಾಗಿದ್ದು, ಅಪಘಾತ ಅವನ ಹತೋಟಿಯ ಜಾಗದಲ್ಲಿ ಆಗಿದ್ದರೆ, ಗುತ್ತಿಗೆ ಕಾರ್ಮಿಕನಿಗೂ ಮೂಲ ಮಾಲೀಕನೇ ಕೊಡಬೇಕು. ಆಮೇಲೆ ಅವನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ, ಅದು ಅವರಿಬ್ಬರ ವ್ಯವಹಾರ. ಅರ್ಜಿಯಲ್ಲಿ ಮುಕಾದಮನಿಂದ ಹಿಡಿದು ಮೂಲ ಮಾಲೀಕ, ವಿಮೆ ಕಂಪನಿವರೆಗೆ ಎಲ್ಲರನ್ನೂ ಎದುರುದಾರರನ್ನಾಗಿ ಮಾಡಿ.

ಪಗಾರಕ್ಕೆ ಕಾಗದ ಇರುವುದಿಲ್ಲ ಎಂಬ ಚಿಂತೆ ಸಹಜ. ಗೇಟ್ ಪಾಸ್, ಹಾಜರಿ ಪುಸ್ತಕದ ಫೋಟೊ, ಫೋನ್‌ಪೇಗೆ ಬಂದ ವಾರದ ಬಟವಾಡೆ, ಪಿ.ಎಫ್. ಸಂದೇಶ, ಮೇಸ್ತ್ರಿಯ ವಾಟ್ಸಾಪ್ ಮಾತು, ಇವೆಲ್ಲ ಸಾಕ್ಷಿಯೇ.

ಹಂತ 5: ಲೆಕ್ಕ ನೀವೇ ಹಾಕಿ

ವಕೀಲರ ಮುಂದೆ ಕೂರುವ ಮೊದಲು ಸುಮಾರು ಎಷ್ಟು ಬರುತ್ತದೆಂದು ನಿಮಗೆ ಗೊತ್ತಿರಲಿ. ಸೂತ್ರ ಸರಳ. ಸಾವಾದರೆ ತಿಂಗಳ ಪಗಾರದ ಶೇ. 50ನ್ನು ವಯಸ್ಸಿನ ಗುಣಾಂಕದಿಂದ ಗುಣಿಸಿ. ಪೂರ್ಣ ಶಾಶ್ವತ ಅಂಗವಿಕಲತೆಗೆ ಶೇ. 60. ಭಾಗಶಃ ಊನವಾದರೆ ಆ ಶೇ. 60ರ ಲೆಕ್ಕದಲ್ಲಿ ದುಡಿಮೆ ಶಕ್ತಿ ಎಷ್ಟು ಪಾಲು ಹೋಯಿತೋ ಅಷ್ಟು. ಪಗಾರ ಎಷ್ಟೇ ಇರಲಿ, 2020ರ ಜನವರಿ 3ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ 15,000. ಅರ್ಜಿ ಹಾಕುವಾಗ ಈ ಮಿತಿ ಏರಿದೆಯೇ ಎಂದು ಕೇಳಿಕೊಳ್ಳಿ. ಗುಣಾಂಕ 25 ವರ್ಷಕ್ಕೆ 216.91, 30ಕ್ಕೆ 207.98, 35ಕ್ಕೆ 197.06, 40ಕ್ಕೆ 184.17, 45ಕ್ಕೆ 169.44, 50ಕ್ಕೆ 153.09.

30 ವರ್ಷದ ಒಬ್ಬ ಹಮಾಲ, ಪಗಾರ 15,000, ಹೆಬ್ಬೆರಳು ಹೋಯಿತು ಎನ್ನಿ. ಕಾಯ್ದೆಯ ಗಾಯಗಳ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇ. 30. ಹಾಗಾದರೆ 9,000 ಗುಣಿಸು 207.98, ಅದರ ಶೇ. 30 ಅಂದರೆ 5,61,546 ರೂಪಾಯಿ. ಅದೇ ಮನುಷ್ಯ ತೀರಿಕೊಂಡಿದ್ದರೆ 15,59,850.

ವಯಸ್ಸಿನ ವಿಷಯದಲ್ಲಿ ಜೋಕೆ. ನಮ್ಮ ಹಳ್ಳಿಗಳಲ್ಲಿ ಅರ್ಧ ಮಂದಿ ಆಧಾರ್‌ನಲ್ಲಿ ಜನವರಿ 1ರಂದೇ ಹುಟ್ಟಿರುತ್ತಾರೆ! ಶಾಲೆ ದಾಖಲೆಯಲ್ಲಿ 40, ಆಧಾರ್‌ನಲ್ಲಿ 45 ಇದ್ದರೆ ಸಾವಿನ ಪರಿಹಾರದಲ್ಲಿ 1,10,475 ರೂಪಾಯಿ ವ್ಯತ್ಯಾಸ. ಶಾಲೆಯ ದಾಖಲಾತಿ ಪ್ರತಿ ಸಿಕ್ಕರೆ ತೆಗೆಸಿ.

ಇನ್ನು ಶೇಕಡಾವಾರು. ಡಾಕ್ಟರು ಕೊಡುವುದು ಅಂಗದ ಊನ ಎಷ್ಟು ಎಂಬುದು. ಕಾನೂನು ಕೇಳುವುದು ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದು. ಎಡಗೈ ಕಳೆದುಕೊಂಡ ಒಬ್ಬ ಬಡಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲೇ ಒಂದು ಕೈಯಿಂದ ಬಡಗಿ ಕೆಲಸ ಆಗದು, ಆದ್ದರಿಂದ ಅವನ ನಷ್ಟ ಪೂರ್ತಿ ನೂರು ಎಂದು ಹೇಳಿತು. ಫರ್ಸಿ ಒಡೆಯುವವನ ಬೆನ್ನುಮೂಳೆಗೂ ಲಾರಿ ಡ್ರೈವರನ ಕಾಲಿಗೂ ಇದೇ ನ್ಯಾಯ. ಅವನು ಮಾಡುತ್ತಿದ್ದ ಕೆಲಸ ಯಾವುದು, ಈಗ ಯಾಕೆ ಮಾಡಲಾಗದು ಎಂದು ಡಾಕ್ಟರ ಬಾಯಿಂದ ಸಾಕ್ಷಿಯಲ್ಲಿ ಬರಬೇಕು.

ಅಪಘಾತವಾಗಿ ಒಂದು ತಿಂಗಳು ದಾಟಿದರೂ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ, ಸಕಾರಣವಿಲ್ಲದೆ ತಡೆದರೆ ಶೇ. 50ರವರೆಗೆ ದಂಡ. ದಂಡವನ್ನು ವಿಮೆ ಕಂಪನಿಯಲ್ಲ, ಮಾಲೀಕನೇ ತನ್ನ ಜೇಬಿನಿಂದ ಕೊಡಬೇಕು. ಮಾತುಕತೆಯಲ್ಲಿ ಈ ಅಂಶಕ್ಕೆ ಬಹಳ ತೂಕವಿದೆ.

ಹಂತ 6: ಹೊರಗಿನವರ ತಪ್ಪಿದ್ದರೆ ಯಾವ ಬಾಗಿಲು?

ಕಬ್ಬು ಕಡಿಯಲು ಹೊರಟ ಟ್ರ್ಯಾಕ್ಟರಿಗೆ ಹಿಂದಿನಿಂದ ಲಾರಿ ಗುದ್ದಿತು. ಸೈಟಿನಲ್ಲಿ ಬೇರೆ ಕಂಪನಿಯ ಕ್ರೇನ್ ಬಡಿಯಿತು. ತೂಗಿಬಿದ್ದ ವಿದ್ಯುತ್ ತಂತಿ ತಗುಲಿತು. ಇಲ್ಲಿ ಮಾಲೀಕನಲ್ಲದೆ ಮೂರನೆಯವರೂ ಹೊಣೆಗಾರರು. ಆದರೆ ಒಂದೇ ಗಾಯಕ್ಕೆ ಎರಡೂ ಕಡೆ ಕೇಳಲು ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 167 ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುತ್ತದೆ. ಆಯುಕ್ತರ ಮುಂದೆ ಕ್ಲೇಮು ಹಾಕಿದ ಮೇಲೆ ಅದೇ ಗಾಯಕ್ಕೆ ಸಿವಿಲ್ ದಾವೆಯೂ ನಡೆಯದು. ಹಾಗಾಗಿ ಮೊದಲ ಅರ್ಜಿ ಎಲ್ಲಿ ಹಾಕುತ್ತೀರಿ ಎಂಬುದು ಇಡೀ ಕೇಸಿನ ದೊಡ್ಡ ತೀರ್ಮಾನ. ಅವಸರದಲ್ಲಿ ಯಾರೋ ತಂದ ಫಾರಂಗೆ ಸಹಿ ಹಾಕಬೇಡಿ.

ರಸ್ತೆ ಅಪಘಾತದಲ್ಲಿ ನಾನು ಹೀಗೆ ಯೋಚಿಸುತ್ತೇನೆ: ಎದುರಿನ ವಾಹನದ ತಪ್ಪು ಸ್ಪಷ್ಟವಿದ್ದು ಅದಕ್ಕೆ ವಿಮೆ ಇದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿ ಲಾಭ, ಯಾಕೆಂದರೆ ಅಲ್ಲಿ 15,000ದ ಮಿತಿಯಿಲ್ಲ. 25,000 ದುಡಿಯುವ 35 ವರ್ಷದ ಡ್ರೈವರ್, ಮನೆಯಲ್ಲಿ ಐದು ಅವಲಂಬಿತರು ಎನ್ನಿ. ಪರಿಹಾರ ಕಾಯ್ದೆಯಲ್ಲಿ ಸಾವಿಗೆ 14,77,950. ನ್ಯಾಯಮಂಡಳಿಯಲ್ಲಿ ವರ್ಷದ ದುಡಿಮೆಗೆ ಮುಂದಿನ ಏಳಿಗೆಯ ಶೇ. 40 ಸೇರಿಸಿ, ಸ್ವಂತ ಖರ್ಚಿಗೆ ಕಾಲುಭಾಗ ಕಳೆದು, ಆ ವಯಸ್ಸಿಗೆ ಅಲ್ಲಿನ ಗುಣಾಂಕವಾದ 16ರಿಂದ ಗುಣಿಸಿದರೆ 50,40,000. ಆದರೆ ಅದೇ ಡ್ರೈವರ್ ನಿದ್ದೆಗಣ್ಣಿನಲ್ಲಿ ತಾನೇ ಲಾರಿಯನ್ನು ತಗ್ಗಿಗೆ ಇಳಿಸಿದ್ದರೆ? ಆಗ ಮೋಟಾರು ವಾಹನ ಕಾಯ್ದೆಯ ಕಲಂ 166ರಡಿ ಏನೂ ಬರುವುದಿಲ್ಲ, ಪರಿಹಾರ ಕಾಯ್ದೆಯಲ್ಲಿ ಪೂರ್ತಿ ಬರುತ್ತದೆ. ತನ್ನ ತಪ್ಪು ಅಥವಾ ಯಾರ ತಪ್ಪೂ ಇಲ್ಲವೆಂದರೆ ಪರಿಹಾರ ಕಾಯ್ದೆಯೇ ಗತಿ. ನ್ಯಾಯಮಂಡಳಿಗೆ ಹೋಗುವವರು ಆರು ತಿಂಗಳೊಳಗೆ ಅರ್ಜಿ ಹಾಕಿಬಿಡಿ. ಗುದ್ದಿದ ವಾಹನ ಸಿಗದಿದ್ದರೆ ಗುದ್ದೋಡು ಪ್ರಕರಣದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಇದೆ.

ಟ್ರ್ಯಾಕ್ಟರ್ ಟ್ರಾಲಿ, ಗೂಡ್ಸ್ ಗಾಡಿಯಲ್ಲಿ ಕುಳಿತು ಹೋಗುವಾಗ ಆದ ಅಪಘಾತಗಳಲ್ಲಿ ಮೊದಲ ಹೇಳಿಕೆ ಬಹಳ ಮುಖ್ಯ. ಗಾಡಿ ಮಾಲೀಕನ ಹಮಾಲಿ ಕೆಲಸಕ್ಕೆ ಹೋಗುತ್ತಿದ್ದವನನ್ನು ಪೊಲೀಸರು "ಪ್ರಯಾಣಿಕ" ಎಂದು ಬರೆದರೆ ವಿಮೆ ಕಂಪನಿ ಕೈ ಎತ್ತುತ್ತದೆ. ಇದ್ದದ್ದನ್ನು ಇದ್ದಂತೆ ಹೇಳಿ: ಯಾರ ಕೆಲಸ, ಕೂಲಿ ಎಷ್ಟು, ಏನು ತುಂಬಲು ಅಥವಾ ಇಳಿಸಲು ಹೊರಟಿದ್ದರು.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಸತ್ತರೂ ಹಕ್ಕಿದೆ. ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರ 2003ರಲ್ಲಿ ನಸುಕಿನ ಪಾಳಿಗೆ ಹೋಗುವಾಗ ಕಾರ್ಖಾನೆಯಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ ಸತ್ತ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಪಯಣಕ್ಕೂ ಕೆಲಸಕ್ಕೂ ನಂಟಿದ್ದರೆ ಅದೂ ಕೆಲಸದ ಅಪಘಾತವೇ ಎಂದು ಆ ಕುಟುಂಬದ ಪರ ತೀರ್ಪು ಕೊಟ್ಟಿತು. ಇಪ್ಪತ್ತೆರಡು ವರ್ಷ ಕಾದರು ಅವರು. ಹೊಸ ಸಂಹಿತೆಯಲ್ಲಿ ಇದು ನೇರವಾಗಿಯೇ ಸೇರಿದೆ.

ಹಂತ 7: ಅರ್ಜಿ

ಮೊದಲು ಮಾಲೀಕನಿಗೆ ಲಿಖಿತ ನೋಟಿಸು ಕೊಡಿ, ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ. ಅಪಘಾತವಾದ ಎರಡು ವರ್ಷದೊಳಗೆ ಕ್ಲೇಮು ಹಾಕಬೇಕು. ತಡವಾದರೆ ಸಕಾರಣ ತೋರಿಸಿ ಮನ್ನಿಸಲು ಕೇಳಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಕರ್ನಾಟಕದಲ್ಲಿ 1923ರ ಕಾಯ್ದೆಯ ಆಯುಕ್ತರ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರ ಕೈಯಲ್ಲಿದೆ.

ಗುಳೆ ಹೋಗುವವರು ಇದನ್ನು ಗಟ್ಟಿಯಾಗಿ ನೆನಪಿಡಿ: ಅಪಘಾತ ಪುಣೆಯಲ್ಲೋ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಆಗಿರಲಿ, ಅರ್ಜಿದಾರರು ವಾಸವಿರುವ ಊರಿನಲ್ಲೇ ಕೇಸು ಹಾಕಬಹುದು. ಕಲಂ 21 ಆ ಅವಕಾಶ ಕೊಟ್ಟಿದೆ. ಸುರಪುರದ ವಿಧವೆ ಪುಣೆಗೆ ಓಡಾಡಬೇಕಿಲ್ಲ.

ವಕೀಲರಿಗೆ ಹಣವಿಲ್ಲವೆಂದು ಬಿಡಬೇಡಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಇವರಿಗೆಲ್ಲ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಉಚಿತ ಸಹಾಯವಾಣಿ 15100. ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ದವಾಖಾನೆ ವಾರ್ಡಿಗೇ ಬಂದು "ಇಷ್ಟು ಪರ್ಸೆಂಟ್ ಕೊಡ್ರಿ, ಕೇಸ್ ನಾವು ನೋಡ್ಕೋತೀವಿ" ಎನ್ನುವ ದಲ್ಲಾಳಿಗಳನ್ನು ದೂರವಿಡಿ. ಬರುವ ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ವೃತ್ತಿ ನಿಯಮಕ್ಕೇ ವಿರುದ್ಧ.

ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ಮಂಡಳಿಯ ಅಪಘಾತ ಸಹಾಯಧನಕ್ಕೆ ಬೇರೆ ಅರ್ಜಿ ಹಾಕಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುತ್ತಿದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ 2 ಲಕ್ಷವೂ ಉಂಟು. ತೀರಿಕೊಂಡವರ ಪಾಸ್‌ಬುಕ್ ತಿರುವಿ ನೋಡಿ.

ಹಂತ 8: ಆದೇಶ ಬಂದ ಮೇಲೆ

ಮಾಲೀಕ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು, 60 ದಿನದೊಳಗೆ. ನಮ್ಮ ಮೂರೂ ಜಿಲ್ಲೆಗಳಿಗೆ ಕಲಬುರಗಿ ಪೀಠ. ಆದರೆ ಆದೇಶದ ಹಣವನ್ನು ಠೇವಣಿ ಇಟ್ಟ ಪ್ರಮಾಣಪತ್ರ ಇಲ್ಲದೆ ಮಾಲೀಕನ ಮೇಲ್ಮನವಿ ನಡೆಯುವುದಿಲ್ಲ. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಕಲಂ 31ರಡಿ ಇನ್ನೊಂದು ಅರ್ಜಿ ಕೊಡಿ. ಭೂಕಂದಾಯ ಬಾಕಿಯಂತೆ ವಸೂಲಿಗೆ ಪತ್ರ ಹೋಗುತ್ತದೆ. ಮಾಲೀಕನ ಜಮೀನಿನ ಸರ್ವೆ ನಂಬರು, ಗಾಡಿ ನಂಬರು ಮೊದಲೇ ಸಂಗ್ರಹಿಸಿಟ್ಟಿದ್ದರೆ ಈ ಹಂತದಲ್ಲಿ ವರ್ಷ ಉಳಿಯುತ್ತದೆ.

ಸಾವಿನ ಪರಿಹಾರವನ್ನು ಹೆಂಡತಿ, ಮಕ್ಕಳು, ತಾಯಿ ಇವರ ನಡುವೆ ಹಂಚುವುದು ಆಯುಕ್ತರು. ಮಕ್ಕಳ ಪಾಲು ಸಾಮಾನ್ಯವಾಗಿ ಅವರು ದೊಡ್ಡವರಾಗುವವರೆಗೆ ಠೇವಣಿಯಲ್ಲಿರುತ್ತದೆ. ಚೆಕ್ಕು ಬಂದ ದಿನ ಮೈದುನ, ಭಾವ ಎಲ್ಲ ಸೇರಿ "ಜಂಟಿ ಖಾತಿಗೆ ಹಾಕು" ಎನ್ನುವುದುಂಟು. ಆ ಹೆಣ್ಣುಮಗಳ ಒಬ್ಬಳದೇ ಹೆಸರಿನ ಖಾತೆ ಅರ್ಜಿ ಹಾಕುವಾಗಲೇ ತೆರೆದಿರಲಿ, ಅದರ ಪಾಸ್‌ಬುಕ್ ಅವಳ ಟ್ರಂಕಿನಲ್ಲೇ ಇರಲಿ.